ನಿಲ್ದಾಣದ ಪುಕ್ಕಟೆ ವೈಫೈ ಕೈ ಬದಲಾಯಿತು. ನಿಲ್ದಾಣವೇ ಇಲ್ಲದ ಜಮಖಂಡಿಗೆ ಏನು ಉಳಿಯಿತು?

ರೈಲ್ವೆ ಸ್ಟೇಷನ್‌ನಲ್ಲಿ ಪುಕ್ಕಟೆ ವೈಫೈ ಸಿಗುತ್ತದೆ ಎಂಬುದು ಹತ್ತು ವರ್ಷದ ಹಿಂದೆ ಎಷ್ಟು ದೊಡ್ಡ ಸುದ್ದಿಯಾಗಿತ್ತು ಎಂದು ಈಗ ಹೇಳಿದರೆ ಮನೆಯ ಮಕ್ಕಳು ನಂಬುವುದಿಲ್ಲ. ಆಗ ಒಂದು ಜಿಬಿ ಡೇಟಾಕ್ಕೆ ಇನ್ನೂರು, ಇನ್ನೂರೈವತ್ತು ರೂಪಾಯಿ ಕೊಟ್ಟು ಅದನ್ನೇ ತಿಂಗಳಿಡೀ ಎಳೆಯುತ್ತಿದ್ದೆವು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ತೆರೆಯುವ ಮೊದಲು ಯೋಚನೆ ಮಾಡುತ್ತಿದ್ದೆವು, ವಿಡಿಯೊ ಕಳಿಸಿದವರಿಗೆ ಬೈಯುತ್ತಿದ್ದೆವು. ಗಲ್ಫಿನಲ್ಲಿರುವ ಅಣ್ಣನೋ ಮಗನೋ ಮುಖ ನೋಡಿ ಮಾತಾಡಲು ಕರೆ ಮಾಡಿದರೆ, "ಬೇಗ ಮುಗಿಸು, ನೆಟ್ ಖಾಲಿಯಾಗ್ತದೆ" ಎಂದು ಪಕ್ಕದಿಂದ ಯಾರಾದರೂ ಹೇಳಿಯೇ ಹೇಳುತ್ತಿದ್ದರು. ಅಂಥ ಕಾಲದಲ್ಲಿ ಹತ್ತು ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಸಿನಿಮಾ ಒಂದನ್ನು ಕೆಲವೇ ನಿಮಿಷದಲ್ಲಿ ಇಳಿಸುವ ಇಂಟರ್‌ನೆಟ್! ರೈಲು ಹತ್ತುವ ಕೆಲಸವೇ ಇಲ್ಲದವರು ಬೆಂಚಿನ ಮೇಲೆ ಕೂತು ಮೊಬೈಲ್ ತುಂಬಿಸಿಕೊಂಡು ಮನೆಗೆ ಹೋದದ್ದುಂಟು. ಅದನ್ನು ತಪ್ಪು ಎನ್ನುವ ಮನಸ್ಸು ನನಗಂತೂ ಇಲ್ಲ.

ಆ ವೈಫೈ ಮುಂದೆ ಏನಾಯಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸಲೇ ಇಲ್ಲ. ಗಮನಿಸಬೇಕಾದ ಕಥೆ ಅದು. ಯಾಕೆಂದರೆ ಪುಕ್ಕಟೆ ಸೇವೆಯೊಂದು ಶುರುವಾಗುವಾಗ ರಿಬ್ಬನ್ ಕತ್ತರಿಸುತ್ತಾರೆ, ಫೋಟೊ ಬರುತ್ತದೆ. ನಿಲ್ಲುವಾಗ, ಇಲ್ಲವೇ ಕೈ ಬದಲಾಗುವಾಗ, ಯಾರೂ ಬಂದು ಹೇಳುವುದಿಲ್ಲ.

2015ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅಮೆರಿಕಕ್ಕೆ ಹೋಗಿದ್ದಾಗ ಗೂಗಲ್ ಕಂಪನಿ ಭಾರತದ 400 ರೈಲು ನಿಲ್ದಾಣಗಳಿಗೆ ವೈಫೈ ಕೊಡುವುದಾಗಿ ಘೋಷಿಸಿತು. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಮೊದಲ ಸಂಪರ್ಕ ಶುರುವಾಯಿತು. ಅಲ್ಲಿಂದ ಒಂದೊಂದೇ ದೊಡ್ಡ ನಿಲ್ದಾಣ ಸೇರುತ್ತಾ ಹೋಗಿ 2018ರ ಜೂನ್‌ನಲ್ಲಿ ಅಸ್ಸಾಂನ ದಿಬ್ರೂಗಢ 400ನೆಯದಾಯಿತು. ಅದೇ ವರ್ಷ ಕೇರಳದ ಎರ್ನಾಕುಲಂ ನಿಲ್ದಾಣದ ಹಮಾಲಿಯೊಬ್ಬರು ತಲೆಯ ಮೇಲೆ ಲಗೇಜು ಹೊತ್ತು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ನಿಲ್ದಾಣದ ವೈಫೈಯಲ್ಲಿ ಪಾಠ ಕೇಳಿಯೇ ಕೇರಳ ಪಬ್ಲಿಕ್ ಸರ್ವಿಸ್ ಕಮಿಷನ್‌ನ ಲಿಖಿತ ಪರೀಕ್ಷೆ ಪಾಸು ಮಾಡಿದ ಸುದ್ದಿ ದೇಶದ ಎಲ್ಲ ಪತ್ರಿಕೆಗಳಲ್ಲಿ ಬಂತು. ಪುಸ್ತಕ ಕೊಳ್ಳುವ ದುಡ್ಡು, ಕೋಚಿಂಗ್ ಸೇರುವ ಸಮಯ ಎರಡೂ ಇಲ್ಲದ ಮನುಷ್ಯ. ಪುಕ್ಕಟೆ ವೈಫೈ ಯಾಕೆ ಬೇಕು ಎಂದು ಕೇಳುವವರಿಗೆ ಉತ್ತರ ಅವರೇ.

ಎರಡು ವರ್ಷ ಕಳೆಯುವುದರೊಳಗೆ, 2020ರ ಫೆಬ್ರವರಿ 17ರಂದು, ಗೂಗಲ್ ತಾನು ಈ ಯೋಜನೆಯಿಂದ ಹಿಂದೆ ಸರಿಯುವುದಾಗಿ ತಿಳಿಸಿತು. ಭಾರತದಲ್ಲಿ ಮಾತ್ರವಲ್ಲ, ಇಂಡೋನೇಷ್ಯಾ, ಮೆಕ್ಸಿಕೊ, ನೈಜೀರಿಯಾ, ಥಾಯ್ಲೆಂಡ್‌ನಂಥ ದೇಶಗಳಲ್ಲೂ. ಕೊಟ್ಟ ಕಾರಣ ಸುಳ್ಳೇನಲ್ಲ. ಐದು ವರ್ಷದಲ್ಲಿ ಭಾರತದಲ್ಲಿ ಮೊಬೈಲ್ ಡೇಟಾ ದರ ಶೇ 95ರಷ್ಟು ಇಳಿದಿದೆ, ಸರಾಸರಿ ಬಳಕೆದಾರ ತಿಂಗಳಿಗೆ 10 ಜಿಬಿಯ ಹತ್ತಿರ ಬಳಸುತ್ತಿದ್ದಾನೆ, ಇನ್ನು ನಿಲ್ದಾಣಕ್ಕೆ ಬಂದು ವೈಫೈ ಹುಡುಕುವ ಅಗತ್ಯ ಮೊದಲಿನಷ್ಟಿಲ್ಲ ಎಂಬುದು ಅವರ ಮಾತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಏನಾಯಿತೆಂದು ನಮಗೆಲ್ಲ ಗೊತ್ತು. ಟ್ರಾಯ್ ಲೆಕ್ಕದಲ್ಲಿ 2014ರಲ್ಲಿ ಜಿಬಿಗೆ ₹269ರ ಆಸುಪಾಸಿನಲ್ಲಿದ್ದ ದರ 2018ಕ್ಕೆ ₹12ರ ಹತ್ತಿರ ಬಂದಿತ್ತು.

ಗೂಗಲ್ ಬಿಟ್ಟಿತು, ವೈಫೈ ನಿಂತಿತೇ? ನಿಲ್ಲಲಿಲ್ಲ. ಇಲ್ಲಿಯೇ ಈ ಕಥೆಯ ಮುಖ್ಯ ವಿಷಯ ಇರುವುದು.

ಗೂಗಲ್ ಪ್ರಕಟಣೆ ಬಂದ ಬೆನ್ನಿಗೇ ರೈಲ್‌ಟೆಲ್ ಸಂಸ್ಥೆ, "ಸೇವೆ ಎಲ್ಲಿಗೂ ಹೋಗುವುದಿಲ್ಲ, ನಾವು ಮುಂದುವರಿಸುತ್ತೇವೆ" ಎಂಬರ್ಥದ ಹೇಳಿಕೆ ಕೊಟ್ಟಿತು. ರೈಲ್‌ಟೆಲ್ ಎಂದರೆ ರೈಲ್ವೆಯದೇ ಕಂಪನಿ, 2000ನೇ ಇಸವಿಯಲ್ಲಿ ಹುಟ್ಟಿದ್ದು. ದೇಶದ ಉದ್ದಗಲಕ್ಕೆ ಹಳಿಯ ಪಕ್ಕದಲ್ಲಿ ನೆಲದೊಳಗೆ ಹೂತ ಅರವತ್ತು ಸಾವಿರ ಕಿಲೊಮೀಟರ್‌ಗೂ ಹೆಚ್ಚು ಆಪ್ಟಿಕಲ್ ಫೈಬರ್ ಅದರ ಆಸ್ತಿ. ಗೂಗಲ್ ಜೊತೆಗಿನ ಒಪ್ಪಂದ ಇದ್ದದ್ದು 415 ದೊಡ್ಡ ನಿಲ್ದಾಣಗಳಿಗೆ, ಐದು ವರ್ಷದ ಅವಧಿಗೆ. ಅದು 2020ರ ಮೇಯಲ್ಲಿ ಹೇಗೂ ಮುಗಿಯುವುದಿತ್ತು. ಆ ಹೊತ್ತಿಗೆ ರೈಲ್‌ಟೆಲ್ ತಾನೇ ಬೇರೆ ಬೇರೆಯವರ ನೆರವಿನಿಂದ 5,600ಕ್ಕೂ ಹೆಚ್ಚು ನಿಲ್ದಾಣಗಳಿಗೆ ವೈಫೈ ಮುಟ್ಟಿಸಿಯಾಗಿತ್ತು. ಅಂದರೆ ಗೂಗಲ್ ಹೆಸರು ದೊಡ್ಡದಾಗಿ ಕಂಡರೂ ನೆಲದೊಳಗಿನ ತಂತಿ, ಇಂಟರ್‌ನೆಟ್ ಪೂರೈಕೆ ರೈಲ್ವೆಯದೇ. ಗೂಗಲ್‌ನದು ತಂತ್ರಜ್ಞಾನದ ಪಾಲು. ಬಾಡಿಗೆದಾರ ಹೋದ, ಮನೆ ಮಾಲೀಕನದೇ ಆದ್ದರಿಂದ ದೀಪ ಆರಲಿಲ್ಲ.

ಕೈ ಬದಲಾದ ಗಳಿಗೆ ಮಾತ್ರ ವಿಚಿತ್ರವಾಗಿತ್ತು. ಫೆಬ್ರವರಿಯಲ್ಲಿ ಘೋಷಣೆ, ಮಾರ್ಚ್‌ನಲ್ಲಿ ಲಾಕ್‌ಡೌನ್. ಒಪ್ಪಂದ ಮುಗಿಯುವ ಮೇ ತಿಂಗಳಲ್ಲಿ ಪ್ಲಾಟ್‌ಫಾರಂಗಳು ಬಿಕೋ ಎನ್ನುತ್ತಿದ್ದವು, ವಲಸೆ ಕಾರ್ಮಿಕರ ಶ್ರಮಿಕ್ ರೈಲುಗಳು ಬಂದಾಗ ಮಾತ್ರ ಜನ. ಅದೇ ಹೊತ್ತಿಗೆ ಊರೂರಲ್ಲಿ ಆನ್‌ಲೈನ್ ಕ್ಲಾಸು ಶುರುವಾಗಿ, ನಮ್ಮ ಸುಳ್ಯ, ಬೆಳ್ತಂಗಡಿಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದರು. ಡೇಟಾ ಅಗ್ಗವಾಗಿದೆ, ಇನ್ನು ಸಾರ್ವಜನಿಕ ವೈಫೈ ಯಾಕೆ ಎಂಬ ವಾದಕ್ಕೆ ಅಷ್ಟು ಬೇಗ ಇಂಥ ಪರೀಕ್ಷೆ ಎದುರಾಗುತ್ತದೆಂದು ಯಾರೂ ಎಣಿಸಿರಲಿಕ್ಕಿಲ್ಲ. ಟವರೇ ಇಲ್ಲದ ಕಡೆ ಅಗ್ಗದ ಡೇಟಾ ತಗೊಂಡು ಮಾಡುವುದೇನು?

ಸೇವೆ ಉಳಿಯಿತು ಎಂದೆ. ಹಾಗೆಯೇ ಉಳಿಯಿತೇ ಎಂದು ಕೇಳಿದರೆ ಇಲ್ಲ. 2021ರ ಮಾರ್ಚ್‌ನಲ್ಲಿ ರೈಲ್‌ಟೆಲ್ ನಾಲ್ಕು ಸಾವಿರ ನಿಲ್ದಾಣಗಳಲ್ಲಿ ಪ್ರಿಪೇಯ್ಡ್ ಪ್ಲಾನ್ ತಂದಿತು. ದಿನಕ್ಕೆ ಮೊದಲ ಅರ್ಧ ಗಂಟೆ ಪುಕ್ಕಟೆ, ಅದೂ 1 ಎಂಬಿಪಿಎಸ್ ವೇಗದಲ್ಲಿ. ಅದರ ಮೇಲೆ ಬೇಕಾದರೆ ದುಡ್ಡು: ದಿನಕ್ಕೆ ₹10 ಕೊಟ್ಟರೆ 34 ಎಂಬಿಪಿಎಸ್ ವೇಗದಲ್ಲಿ 5 ಜಿಬಿ. ದರ ಹೆಚ್ಚೇನಲ್ಲ ಎನ್ನಬಹುದು. ಆದರೆ ಎರ್ನಾಕುಲಂನ ಆ ಹಮಾಲಿ ಅರ್ಧ ಗಂಟೆಯಲ್ಲಿ ಯಾವ ಪಾಠ ಕೇಳಿ ಮುಗಿಸುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ. ಪುಕ್ಕಟೆ ಎಂಬ ಬೋರ್ಡು ಹಾಗೇ ಇರುತ್ತದೆ, ಒಳಗಿನ ಸಾಮಾನು ಕಡಿಮೆಯಾಗುತ್ತದೆ. ಮುಚ್ಚಿದ್ದರೆ ಜನ ಕೇಳುತ್ತಿದ್ದರು, ಕಿರಿದಾಗಿಸಿದರೆ ಯಾರೂ ಕೇಳುವುದಿಲ್ಲ.

ಗೂಗಲ್ ಮೋಸ ಮಾಡಿತೆಂದು ಹೇಳುವುದು ನ್ಯಾಯವಲ್ಲ. ಜನ ಇಂಟರ್‌ನೆಟ್‌ಗೆ ಬಂದರೆ ಹುಡುಕುವುದು ಗೂಗಲ್‌ನಲ್ಲಿ, ನೋಡುವುದು ಯೂಟ್ಯೂಬ್‌ನಲ್ಲಿ; ಜಾಹೀರಾತಿನ ದುಡ್ಡು ಅಲ್ಲಿಂದ ಬರುತ್ತದೆ. ನಿಲ್ದಾಣದಲ್ಲಿ ಕಲಿತ ಜನ ಮನೆಯಲ್ಲೇ ತಮ್ಮ ದುಡ್ಡಿನಲ್ಲಿ ನೋಡತೊಡಗಿದ ಮೇಲೆ ನಿಲ್ದಾಣದ ಖರ್ಚು ಯಾಕೆ? ವ್ಯಾಪಾರಿ ಲೆಕ್ಕ. ಫೇಸ್‌ಬುಕ್ ತಂದ 'ಫ್ರೀ ಬೇಸಿಕ್ಸ್' ಇನ್ನೊಂದು ದಾರಿ ಹಿಡಿದಿತ್ತು: ತಾನು ಆರಿಸಿದ ಕೆಲವು ತಾಣ ಮಾತ್ರ ಪುಕ್ಕಟೆ. 2016ರ ಫೆಬ್ರವರಿಯಲ್ಲಿ ಟ್ರಾಯ್ ಅಂಥ ತಾರತಮ್ಯದ ದರವನ್ನೇ ನಿಷೇಧಿಸಿದ್ದರಿಂದ ಅದು ಇಲ್ಲಿ ನಿಂತಿತು. ಅದೇ ಕಂಪನಿಯ 'ಎಕ್ಸ್‌ಪ್ರೆಸ್ ವೈಫೈ' ಕೂಡ 2022ರಲ್ಲಿ ಮುಗಿಯಿತು. ಕೊಡುವವನ ಲಾಭ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಕೊಡುಗೆ.

ಸರ್ಕಾರ ಮುಂದೆ ನಿಂತರೆ ಸಾಕೇ ಎಂದರೆ ಅದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ 'ನಮ್ಮ ವೈಫೈ' ಶುರುವಾಯಿತು. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಇಂದಿರಾನಗರದ ಸಿಎಂಎಚ್ ರಸ್ತೆ, ಶಾಂತಿನಗರ, ಯಶವಂತಪುರ, ಕೋರಮಂಗಲದ ಬಸ್ ನಿಲ್ದಾಣ, ಹೀಗೆ ಕೆಲವೇ ಕಡೆ. ದಿನಕ್ಕೆ ಮೂರು ಗಂಟೆ, 50 ಎಂಬಿ, 512 ಕೆಬಿಪಿಎಸ್ ವೇಗ. ಈಗ ಕೇಳಿದರೆ ನಗು ಬರುತ್ತದೆ, ಆಗ ಅದು ದೇಶಕ್ಕೇ ಸುದ್ದಿ. ಸಂಪರ್ಕ ಕೊಟ್ಟದ್ದು ಡಿ-ವೋಯಿಸ್ ಎಂಬ ಖಾಸಗಿ ಕಂಪನಿ. ಉದ್ಘಾಟಿಸಿದವರು ಆಗಿನ ಐಟಿ ಸಚಿವ ಎಸ್.ಆರ್. ಪಾಟೀಲರು, ಬಾಗಲಕೋಟೆ ಜಿಲ್ಲೆ ಬೀಳಗಿ ತಾಲೂಕಿನ ಬಾಡಗಂಡಿಯವರು. ಕೆಲವೇ ವರ್ಷದಲ್ಲಿ ಆ ಸೇವೆ ಸದ್ದಿಲ್ಲದೆ ಇಲ್ಲವಾಯಿತು. ಇಲ್ಲಿ ಕೆಳಗೆ ರೈಲ್ವೆಯ ಫೈಬರ್‌ನಂಥ ಸಾರ್ವಜನಿಕ ಆಸ್ತಿ ಇರಲಿಲ್ಲ, ಹಾಗಾಗಿ ಎತ್ತಿಕೊಳ್ಳುವ ಕೈಯೂ ಇರಲಿಲ್ಲ. 2013ರಲ್ಲಿ ಟೆಲಿಗ್ರಾಂ ಸೇವೆ ನಿಲ್ಲಿಸುವಾಗ ಬಿಎಸ್‌ಎನ್‌ಎಲ್ ಒಂದು ತಿಂಗಳು ಮೊದಲೇ ಹೇಳಿತ್ತು. ಜುಲೈ 14ರ ಕೊನೆಯ ದಿನ ಜನ ಸಾಲು ನಿಂತು ತಮಗೆ ತಾವೇ ತಂತಿ ಕಳಿಸಿಕೊಂಡರು. ನಮ್ಮ ವೈಫೈಗೆ ಅಷ್ಟು ಮರ್ಯಾದೆಯ ಬೀಳ್ಕೊಡುಗೆಯೂ ಸಿಗಲಿಲ್ಲ.

ಬೀಳಗಿಯ ಹೆಸರು ಬಂತಲ್ಲ, ಆ ಕಡೆಗೇ ಹೋಗೋಣ. ಪುಕ್ಕಟೆ ವೈಫೈ ಕೈ ಬದಲಾದಾಗ ಏನೂ ಕಳೆದುಕೊಳ್ಳದ ಊರುಗಳಿದ್ದರೆ ಅವು ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ. ಕಳೆದುಕೊಳ್ಳಲು ಅಲ್ಲಿ ಇದ್ದದ್ದೇನು? ಈ ನಾಲ್ಕೂ ಕಡೆ ರೈಲೇ ಇಲ್ಲ. ಬಾಗಲಕೋಟೆ–ಕುಡಚಿ ಮಾರ್ಗದ ಕೆಲಸ ಒಂದೂವರೆ ದಶಕದಿಂದ ನಡೆಯುತ್ತಲೇ ಇದೆ, ಅದಕ್ಕಾಗಿ ಊರವರ ಹೋರಾಟವೂ ನಡೆಯುತ್ತಲೇ ಇದೆ. ರೈಲು ಹತ್ತಬೇಕಾದರೆ ಈ ಕಡೆ ಬಾಗಲಕೋಟೆಗೆ ಬರಬೇಕು, ಇಲ್ಲವೇ ಆ ಕಡೆ ಕುಡಚಿಗೆ ಹೋಗಬೇಕು. ಜಮಖಂಡಿ, ಮುಧೋಳ ಹಿಂದೆ ಸಂಸ್ಥಾನಗಳ ರಾಜಧಾನಿ. ಪಟವರ್ಧನರು, ಘೋರ್ಪಡೆಯವರು ಆಳಿದ ಊರುಗಳು. ಸುತ್ತ ಕಬ್ಬು, ಸಕ್ಕರೆ ಕಾರ್ಖಾನೆ. ರಬಕವಿ–ಬನಹಟ್ಟಿಯಲ್ಲಿ ಓಣಿ ಓಣಿಯಲ್ಲಿ ಮಗ್ಗದ ಸದ್ದು. ದುಡಿಮೆಯ ಊರು, ಬಡ ಊರೆಂದು ಕರೆದರೆ ಅಲ್ಲಿಯವರಿಗೆ ಸಿಟ್ಟು ಬಂದೀತು.

ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ಹಿರಿಯರೊಬ್ಬರಲ್ಲಿ ಈ ನಿಲ್ದಾಣದ ವೈಫೈ ವಿಷಯ ತೆಗೆದೆ.

"ಸ್ಟೇಷನ್ನಿನ ವೈಫೈ ಅರ್ಧ ತಾಸಿಗೆ ಇಳಿಸ್ಯಾರಂತಲ್ರಿ, ಗೊತ್ತೈತೇನ್ರಿ?" ಎಂದು ಅವರದೇ ಧಾಟಿಯಲ್ಲಿ ಕೇಳಿದೆ.

"ನಮಗ ಸ್ಟೇಷನ್ನ ಇಲ್ಲಲ್ರಿ ಅಣ್ಣಾರ, ವೈಫೈ ಎಲ್ಲಿಂದ ಬರಬೇಕ್ರಿ?" ಎಂದರು. ಆಮೇಲೆ ನಗುತ್ತಾ, "ನಮ್ಮ ಹುಡುಗೂರು ಬೇಕರಿ ಮುಂದ ನಿಂತಿರ್ತಾವ ನೋಡ್ರಿ, ಅದ ನಮ್ಮ ಸ್ಟೇಷನ್" ಎಂದು ಸೇರಿಸಿದರು.

ಬೇಕರಿಯ ಮಾತು ಸುಳ್ಳಲ್ಲ. ಕರಾವಳಿಯಿಂದ ಹೋಗಿ ಆ ಕಡೆ ಬೇಕರಿ, ಹೋಟೆಲ್ ಇಟ್ಟವರು ನಮ್ಮ ಓದುಗರಲ್ಲಿ ಅನೇಕರ ಸಂಬಂಧಿಕರೇ. ನನಗೆ ಪರಿಚಯದ ಹುಡುಗನೊಬ್ಬನ ಬೇಕರಿ ಜಮಖಂಡಿಯಲ್ಲಿದೆ. ಅಂಗಡಿಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ ದಿನದಿಂದ ಕಾಲೇಜು ಹುಡುಗರಿಗೆ ಪಾಸ್‌ವರ್ಡ್ ಕೊಟ್ಟುಕೊಂಡು ಬಂದಿದ್ದಾನೆ. ಪರೀಕ್ಷಾ ಅರ್ಜಿ ತುಂಬುವವರು, ಫಲಿತಾಂಶ ನೋಡುವವರು, ಸ್ಕಾಲರ್‌ಶಿಪ್ ಒಟಿಪಿಗೆ ಕಾಯುವವರು. ಆರಂಭದಲ್ಲಿ ಒಂದು ಪಫ್ಸ್ ತಗೊಂಡವರಿಗೆ ಮಾತ್ರ ಎಂದಿದ್ದನಂತೆ, ಆಮೇಲೆ ಆ ನಿಯಮವೂ ಹೋಯಿತು. ಈಗ ಅವನು ಊರಿಗೆ ಮರಳುವ ಯೋಚನೆಯಲ್ಲಿದ್ದಾನೆ, ಅಂಗಡಿಯನ್ನು ಬೇರೆಯವರಿಗೆ ವಹಿಸಬೇಕು.

"ಓವನ್, ಶೋಕೇಸ್, ಫ್ರಿಜ್ಜು ಎಲ್ಲದಕ್ಕೂ ರೇಟು ಮಾತಾಡಿ ಆಯ್ತು ಕಾಕ. ವೈಫೈಯನ್ನು ಯಾವ ಲೆಕ್ಕಕ್ಕೆ ಸೇರಿಸೋದು? ಹುಡುಗರು ದಿನಾ ಕೇಳ್ತಾರೆ, ಹೊಸ ಅಣ್ಣ ಕೊಡ್ತಾರಾ ಅಂತ" ಎಂದ.

ನಾನು ಅವನಿಗೆ ಮೆಚ್ಚುಗೆ ಹೇಳುವ ಬದಲು ಮೊದಲು ಕೇಳಿದ್ದು, ಕನೆಕ್ಷನ್ ಯಾರ ಹೆಸರಿನಲ್ಲಿದೆ ಎಂದು. ಅವನ ಹೆಸರಿನಲ್ಲೇ ಇತ್ತು. ಇದು ಸಣ್ಣ ಮಾತಲ್ಲ. 2008ರ ಬಾಂಬ್ ಸ್ಫೋಟಗಳ ಸಮಯದಲ್ಲಿ ಬೇರೆಯವರ ವೈಫೈಗೆ ನುಸುಳಿ ಬೆದರಿಕೆಯ ಇ-ಮೇಲ್ ಕಳಿಸಿದ್ದು ಗೊತ್ತಾದ ಮೇಲೆ ಸರ್ಕಾರ ನಿಯಮ ಬಿಗಿ ಮಾಡಿತು. ಸಾರ್ವಜನಿಕರಿಗೆ ವೈಫೈ ಕೊಡುವವರು ಬಳಸುವವರು ಯಾರೆಂದು ಗುರುತು ಹಿಡಿಯುವಂತೆ ಇರಬೇಕು. ನಿಲ್ದಾಣದಲ್ಲಿ ಮೊಬೈಲ್ ನಂಬರ್ ಕೇಳಿ ಒಟಿಪಿ ಕಳಿಸುವುದು ಇದಕ್ಕೇ. ಬೇಕರಿಯ ಪಾಸ್‌ವರ್ಡ್‌ಗೆ ಒಟಿಪಿ ಎಲ್ಲಿದೆ? ಯಾರೋ ಒಬ್ಬ ಅಲ್ಲಿ ನಿಂತು ಏನಾದರೂ ಕೆಟ್ಟ ಕೆಲಸ ಮಾಡಿದರೆ ಪೊಲೀಸರು ಮೊದಲು ಹೋಗುವುದು ಬಿಲ್ಲು ಯಾರ ಹೆಸರಿಗೆ ಬರುತ್ತದೋ ಅವರ ಮನೆಗೆ. ಅಂಗಡಿ ಕೊಟ್ಟು ಮಂಗಳೂರಿಗೆ ಬಂದು ಕೂತರೂ ಕನೆಕ್ಷನ್ ಹೆಸರು ಬದಲಾಗದಿದ್ದರೆ ಹೊಣೆ ಇವನದೇ. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದಕ್ಕೆ ಠಾಣೆಯಲ್ಲಿ ಕೂತು ವಿವರಣೆ ಕೊಡುವ ಸ್ಥಿತಿ ನಮ್ಮ ಹುಡುಗರಿಗೆ ಬರುವುದು ಬೇಡ. ಅಂಗಡಿ ವಹಿಸಿಕೊಡುವ ಎಲ್ಲರಿಗೂ ಇದನ್ನು ಹೇಳುವುದುಂಟು: ಕರೆಂಟ್ ಮೀಟರಿನ ಹಾಗೆ ಬ್ರಾಡ್‌ಬ್ಯಾಂಡಿನ ಹೆಸರನ್ನೂ ಬದಲಿಸಿ, ಆಗದಿದ್ದರೆ ರದ್ದು ಮಾಡಿ, ರಶೀದಿ ತೆಗೆದಿಡಿ.

ಹೊಸಬರಿಗೆ ಕೊಡುವ ಮನಸ್ಸಿದ್ದರೆ ಕಾನೂನಿನ ದಾರಿಯೂ ಇದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಪಿಎಂ-ವಾಣಿ' ಯೋಜನೆ. ಹಿಂದಿನ ಎಸ್‌ಟಿಡಿ ಬೂತಿನ ಹಾಗೆ ಎಂದರೆ ನಮ್ಮ ವಯಸ್ಸಿನವರಿಗೆ ಅರ್ಥವಾಗುತ್ತದೆ. ಚಹಾ ಅಂಗಡಿ, ಬೇಕರಿ, ಕಿರಾಣಿ ಅಂಗಡಿ ಯಾರು ಬೇಕಾದರೂ ವೈಫೈ ಕೊಡಬಹುದು, ಅದಕ್ಕೆ ಲೈಸೆನ್ಸ್ ಬೇಡ, ನೋಂದಣಿ ಶುಲ್ಕವೂ ಇಲ್ಲ. ಬಳಸುವವರ ಗುರುತಿನ ಲೆಕ್ಕ ಇಡುವುದು ಅಂಗಡಿಯವನಲ್ಲ, ಆ್ಯಪ್ ಮತ್ತು ಅದರ ಹಿಂದಿನ ಕಂಪನಿ. ಪುಕ್ಕಟೆ ಕೊಡಲೂಬಹುದು, ಸಣ್ಣ ಕೂಪನ್ ಮಾರಲೂಬಹುದು. ಯೋಜನೆ ಹೇಳಿದಷ್ಟು ವೇಗದಲ್ಲಿ ಹರಡಿಲ್ಲ ಎಂಬುದೂ ನಿಜ. ಅಂಗಡಿಯವನಿಗೆ ಅದರಿಂದ ಸಿಗುವುದೇನು ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಗುವವರೆಗೆ ಹರಡುವುದು ಕಷ್ಟ.

ಡೇಟಾ ಅಗ್ಗ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಇದೆಲ್ಲ ಯಾಕೆ ಎನ್ನುವವರು ಇದ್ದಾರೆ. ಅವರಿಗಾಗಿ ಒಂದು ಮನೆಯ ಲೆಕ್ಕ. 2024ರ ಜುಲೈಯಲ್ಲಿ ಕಂಪನಿಗಳು ದರ ಏರಿಸಿದ ಮೇಲೆ ದಿನಕ್ಕೆ ಒಂದೂವರೆ ಜಿಬಿ ಸಿಗುವ 28 ದಿನದ ಪ್ಲಾನ್ ₹300ರಿಂದ ₹350ರ ಆಸುಪಾಸಿನಲ್ಲಿದೆ. ಮನೆಯಲ್ಲಿ ಮೂರು ನಂಬರ್ ಇದ್ದರೆ ಸಾವಿರ ರೂಪಾಯಿಯ ಹತ್ತಿರ. ತಿಂಗಳಿಗಲ್ಲ, 28 ದಿನಕ್ಕೆ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರಿಚಾರ್ಜ್. ಹದಿಮೂರನೆಯ ತಿಂಗಳನ್ನು ಕ್ಯಾಲೆಂಡರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಪಾಸ್‌ಬುಕ್ಕಿನಲ್ಲಿ ಸಿಗುತ್ತದೆ. ಮಗ್ಗಕ್ಕೆ ಕೆಲಸ ಇಲ್ಲದ ವಾರದಲ್ಲಿ ಆ ಮನೆಯಲ್ಲಿ ಮೊದಲು ನಿಲ್ಲುವುದು ಯಾರ ರಿಚಾರ್ಜ್ ಎಂದು ಕೇಳಿ ನೋಡಿ. ಸಾಮಾನ್ಯವಾಗಿ ತಾಯಿಯದು, ಇಲ್ಲವೇ ಹೆಣ್ಣುಮಕ್ಕಳದು. ಇದು ಬನಹಟ್ಟಿಯ ಕಥೆ ಮಾತ್ರ ಅಲ್ಲ, ಬೀಡಿ ಕಟ್ಟುವ ನಮ್ಮ ಮನೆಗಳಲ್ಲೂ ಇದೇ.

ಹೆಣ್ಣುಮಕ್ಕಳು ಎಂದಾಗ ಇನ್ನೊಂದು ಮಾತು. ರೈಲು ನಿಲ್ದಾಣದ ಬೆಂಚು, ಬೇಕರಿಯ ಕಟ್ಟೆ ಎರಡೂ ಗಂಡುಹುಡುಗರ ಜಾಗ. ಸಂಜೆ ಹೊತ್ತಿನಲ್ಲಿ ಮಗಳನ್ನು ಅಲ್ಲಿ ನಿಂತು ಅರ್ಜಿ ತುಂಬು ಎಂದು ಯಾವ ತಾಯಿಯೂ ಕಳಿಸುವುದಿಲ್ಲ. ಇಂಟರ್‌ನೆಟ್ ಪುಕ್ಕಟೆಯಾದರೆ ಸಾಲದು, ಅದು ಸಿಗುವ ಜಾಗಕ್ಕೆ ಅವಳು ಹೋಗುವಂತಿರಬೇಕು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಕೊಟ್ಟ ಫಹೀಮಾ ಶಿರಿನ್ ಪ್ರಕರಣದ ತೀರ್ಪು ಇಲ್ಲಿ ನೆನಪಾಗುತ್ತದೆ. ಹಾಸ್ಟೆಲ್‌ನಲ್ಲಿ ಮೊಬೈಲ್ ಬಳಕೆಗೆ ಹಾಕಿದ ನಿರ್ಬಂಧವನ್ನು ಒಪ್ಪದೆ ಕೋರ್ಟಿಗೆ ಹೋದ ಕೋಝಿಕ್ಕೋಡ್ ಜಿಲ್ಲೆಯ ಕಾಲೇಜು ವಿದ್ಯಾರ್ಥಿನಿ ಆಕೆ. ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕು ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. ಕೇರಳ ಸರ್ಕಾರ 2023ರ ಜೂನ್‌ನಲ್ಲಿ ಕೆ-ಫೋನ್ ಜಾಲ ಶುರು ಮಾಡಿದಾಗ 20 ಲಕ್ಷ ಬಡ ಕುಟುಂಬಗಳಿಗೆ ಪುಕ್ಕಟೆ ಕೊಡುವ ಮಾತು ಕೊಟ್ಟು, ಮೊದಲ ಹಂತಕ್ಕೆ 14,000 ಮನೆಗಳನ್ನು ಗುರುತಿಸಿತು. ಇಪ್ಪತ್ತು ಲಕ್ಷ ಎಲ್ಲಿ, ಹದಿನಾಲ್ಕು ಸಾವಿರ ಎಲ್ಲಿ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಆದರೆ ತಂತಿ ಸರ್ಕಾರದ್ದು, ಹಾಗಾಗಿ ಕೇಳಲು ಒಂದು ಬಾಗಿಲಿದೆ.

ನಮ್ಮಲ್ಲಿ ಅಂಥ ಬಾಗಿಲು ಯಾವುದು? ನನಗೆ ಕಾಣುವುದು ಹಳ್ಳಿಯ ಗ್ರಂಥಾಲಯ. 2019ರಲ್ಲಿ ಕರ್ನಾಟಕದಲ್ಲಿ ಇನ್ನೊಂದು ದೊಡ್ಡ ಹಸ್ತಾಂತರ ನಡೆಯಿತು, ಅದಕ್ಕೂ ಪತ್ರಿಕೆಗಳಲ್ಲಿ ಜಾಗ ಸಿಕ್ಕಿದ್ದು ಕಡಿಮೆ. 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಹೆಸರು 'ಅರಿವು ಕೇಂದ್ರ' ಎಂದಾಯಿತು. 2020ರ ಮಕ್ಕಳ ದಿನಾಚರಣೆಯ ಹೊತ್ತಿಗೆ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಹಲವು ಕಡೆ ಕಂಪ್ಯೂಟರ್, ಇಂಟರ್‌ನೆಟ್ ಬಂತು. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಿಗೂ ದಕ್ಷಿಣ ಕನ್ನಡದ ಹಳ್ಳಿಗಳಿಗೂ ಅನ್ವಯಿಸುವ ಒಂದೇ ಆದೇಶ ಇದು. ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿ ನಗರಸಭೆ, ಬೀಳಗಿ ಪಟ್ಟಣ ಪಂಚಾಯಿತಿಯಾದ ಕಾರಣ ಪಟ್ಟಣದೊಳಗಿನ ಗ್ರಂಥಾಲಯಗಳು ಹಳೆಯ ಇಲಾಖೆಯಲ್ಲೇ ಉಳಿದವು. ಸುತ್ತಲ ಹಳ್ಳಿಗಳವು ಹೊಸ ಕೈಗೆ ಹೋದವು. ಹಳ್ಳಿಯ ಹುಡುಗಿ ಪೇಟೆಯ ಕಾಲೇಜಿಗೆ ಬರುವವಳಾದರೆ ಅವಳ ಒಂದು ಗ್ರಂಥಾಲಯ ಒಂದು ಇಲಾಖೆಯದು, ಇನ್ನೊಂದು ಇನ್ನೊಂದರದು.

ಗೂಗಲ್‌ನಿಂದ ರೈಲ್‌ಟೆಲ್‌ಗೆ ಆದ ಹಸ್ತಾಂತರಕ್ಕೂ ಇದಕ್ಕೂ ಇರುವ ವ್ಯತ್ಯಾಸ ದುಡ್ಡಿನದು. ಮನೆ ತೆರಿಗೆ ಕಟ್ಟಿದ ರಶೀದಿಯನ್ನು ಒಮ್ಮೆ ತೆಗೆದು ನೋಡಿ. ತೆರಿಗೆಯ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ ಎಂದು ಬರೆದ ಸಾಲುಗಳ ನಡುವೆ ಗ್ರಂಥಾಲಯ ಕರ ಎಂದೂ ಒಂದು ಸಾಲಿದೆ, ತೆರಿಗೆಯ ಶೇ 6. ಅಂದರೆ ಅಲ್ಲಿಯ ಪತ್ರಿಕೆ, ಕುರ್ಚಿ, ಕಂಪ್ಯೂಟರ್ ಯಾವುದೂ ಧರ್ಮಕ್ಕೆ ಬಂದದ್ದಲ್ಲ. ಬನಹಟ್ಟಿಯ ನೇಕಾರನೂ ಉಳ್ಳಾಲದ ಮೀನು ವ್ಯಾಪಾರಿಯೂ ಕಟ್ಟಿದ ದುಡ್ಡು. ಆ ಕರ ವಸೂಲಾದರೂ ಗ್ರಂಥಾಲಯಕ್ಕೆ ಪೂರ್ತಿ ತಲುಪುವುದಿಲ್ಲ, ಸ್ಥಳೀಯ ಸಂಸ್ಥೆಗಳಲ್ಲೇ ಬಾಕಿ ಉಳಿಯುತ್ತದೆ ಎಂಬ ದೂರು ಹಳೆಯದು. ವೈಫೈ ನಿಂತಾಗ ಗೂಗಲ್ ಕಚೇರಿಗೆ ಹೋಗಿ ಜಗಳ ಮಾಡಲಿಕ್ಕಾಗುವುದಿಲ್ಲ. ಪಂಚಾಯಿತಿಯ ಗ್ರಂಥಾಲಯದಲ್ಲಿ ನೆಟ್ ಬಿಲ್ಲು ಕಟ್ಟದೆ ನಿಂತಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಪಿಡಿಒ ಅವರನ್ನು ಕೇಳಬಹುದು, "ಕರ ಎಷ್ಟು ಬಂತು ಸಾರ್, ಎಷ್ಟು ಕೊಟ್ಟಿರಿ?" ಎಂದು. ಉತ್ತರ ಬಾಯಲ್ಲಿ ಹೇಳಿದರೆ ಸಾಲದು, ಲಿಖಿತವಾಗಿ ಬೇಕೆನ್ನಬಹುದು.

ಕಂಪ್ಯೂಟರ್ ಇದೆಯಲ್ಲ, ಮತ್ತೇನು ಎಂದರೆ ಅದೂ ಸರಿಯಲ್ಲ. ಬಾಗಿಲು ತೆರೆಯುವ ಹೊತ್ತು ಮುಖ್ಯ. ಮಗ್ಗದ ಮೇಲೆ ಕೂರುವವರು, ಕಾಲೇಜಿಗೆ ಹೋಗುವವರು ಬರಲಿಕ್ಕಾಗುವುದು ಸಂಜೆ ಮತ್ತು ಭಾನುವಾರ. ಕರೆಂಟ್ ಹೋದರೆ ಯುಪಿಎಸ್ ಇದೆಯೇ, ಪ್ರಿಂಟರಿಗೆ ಶಾಯಿ ಇದೆಯೇ, ಮೇಲ್ವಿಚಾರಕರಿಗೆ ಕಂಪ್ಯೂಟರ್ ಬರುತ್ತದೆಯೇ? ಕೇಂದ್ರದ ಭಾರತ್‌ನೆಟ್ ಫೈಬರ್ ಪಂಚಾಯಿತಿ ಕಟ್ಟಡದವರೆಗೆ ಬಂದು ಅಲ್ಲಿಯೇ ನಿಂತಿದೆಯೋ, ಪಕ್ಕದ ಗ್ರಂಥಾಲಯದ ಕೋಣೆಗೆ ತಲುಪಿದೆಯೋ? ಆ ಜಾಲವೂ 2022ರಲ್ಲಿ ಕೈ ಬದಲಾಗಿ ಬಿಎಸ್‌ಎನ್‌ಎಲ್ ಹೊಣೆಗೆ ಬಂದಿದೆ. ಹಾಗಾಗಿ ದೂರು ಕೊಡುವಾಗ ಹಳೆಯ ಸಂಸ್ಥೆಯ ಹೆಸರು ಬರೆದರೆ ಅರ್ಜಿ ಸುತ್ತಾಡಿಕೊಂಡು ವಾಪಸು ಬರುತ್ತದೆ.

ಜಮಖಂಡಿಯ ಬೇಕರಿ ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು: ಹೊಸಬರ ಹೆಸರಿಗೆ ಕನೆಕ್ಷನ್ ಬದಲಿಸು, ಹಳೆಯ ಪಾಸ್‌ವರ್ಡ್ ತೆಗೆದುಹಾಕು. ಆ ದಿನ ಬಾಗಿಲಿಗೆ ಒಂದು ಚೀಟಿ ಅಂಟಿಸು, ಯಾವತ್ತಿನಿಂದ ಸಿಗುವುದಿಲ್ಲ, ಹತ್ತಿರದ ಗ್ರಂಥಾಲಯ ಎಲ್ಲಿದೆ, ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಬರೆ. ಅವನು ತಲೆ ಕೆರೆದುಕೊಂಡು, "ಗ್ರಂಥಾಲಯ ಎಲ್ಲಿದೆ ಅಂತ ನಂಗೇ ಗೊತ್ತಿಲ್ಲ ಕಾಕ, ಇವತ್ತೇ ಹೋಗಿ ನೋಡ್ತೇನೆ" ಎಂದ.

ಬಾಗಲಕೋಟೆ–ಕುಡಚಿ ಹಳಿ ಲೋಕಾಪುರ ದಾಟಿ ಮುಧೋಳದ ಕಡೆಗೆ ಬರಬೇಕಾಗಿದೆ. ಹಳಿ ಬಂದ ಕಡೆಗೆಲ್ಲ ರೈಲ್‌ಟೆಲ್ ಫೈಬರ್ ಬರುವುದು ರೂಢಿ, ಫೈಬರ್ ಬಂದ ನಿಲ್ದಾಣಕ್ಕೆ ವೈಫೈ ಬರುವುದೂ ರೂಢಿ. ಈಗಿರುವ ನಿಯಮವೇ ಆಗಲೂ ಇದ್ದರೆ ಮುಧೋಳ, ಜಮಖಂಡಿಯ ಹುಡುಗರಿಗೆ ದಿನಕ್ಕೆ ಅರ್ಧ ಗಂಟೆ ಪುಕ್ಕಟೆ. ಪ್ಲಾಟ್‌ಫಾರಂ ಟಿಕೆಟ್ಟಿನ ಹತ್ತು ರೂಪಾಯಿ ಬೇರೆ.